ಎಫ್-150 ಹಿಂದೆ ಒಡಿಸ್ಸಿ ಹೊತ್ತ ಟ್ರೈಲರ್: ಡಲ್ಲಾಸ್‌ನಿಂದ ಡೆನ್ವರ್‌ಗೆ ಎಳೆಯಬಹುದಾ?

ಫ್ರಿಸ್ಕೋ_ನಂಜುಂಡ
ಮುಂದಿನ ತಿಂಗಳು ಡಲ್ಲಾಸ್ ಹತ್ತಿರದ ಫ್ರಿಸ್ಕೋ ಮನೆ ಖಾಲಿ ಮಾಡಿ ಡೆನ್ವರ್‌ಗೆ ಹೋಗೋದಿದೆ. ಗಾಡಿ ಎಫ್-150 ಸೂಪರ್‌ಕ್ರೂ, 3.5 ಇಕೋಬೂಸ್ಟ್ ಟರ್ಬೋ ಎಂಜಿನ್. ಹಿಂದೆ ಎಳೆಯಬೇಕಾಗಿರೋದು ಹೋಂಡಾ ಒಡಿಸ್ಸಿ ಮಿನಿವ್ಯಾನ್, 4,500 ಪೌಂಡ್ ಹತ್ತಿರ. ಬ್ರೋಷರ್ ಪ್ರಕಾರ ಈ ಪಿಕಪ್ 11,000 ಪೌಂಡ್ ಎಳೆಯುತ್ತೆ. ಟ್ರೈಲರ್ ಸೇರಿದ್ರೂ ಏಳು ಸಾವಿರ ದಾಟಲ್ಲ. ನಾಲ್ಕು ಸಾವಿರ ಮಿಗುತ್ತಲ್ಲ, ಆರಾಮಾಗಿ ಹೋಗ್ಬಹುದು ಅಲ್ವಾ?

ಟ್ರೈಲರ್‌ಗೆ ಎರಡು ಆಯ್ಕೆ ಇದೆ. ಒಂದು ಯು-ಹಾಲ್ ಕಂಪನಿಯ ಆಟೋ ಟ್ರಾನ್ಸ್‌ಪೋರ್ಟ್ (ಕಾರು ಹೊರೋ ಟ್ರೈಲರ್) ಬಾಡಿಗೆಗೆ. ಇನ್ನೊಂದು ಎರಡು ಆಕ್ಸಲ್‌ನ 18 ಅಡಿ ಕಾರ್ ಹಾಲರ್, ಸೆಕೆಂಡ್ ಹ್ಯಾಂಡ್ ತಗೊಂಡು ಅಲ್ಲಿ ಹೋಗಿ ಮಾರೋದು. ಯಾವುದು ವಾಸಿ? ಪಿಕಪ್‌ನಲ್ಲಿ ನಾವಿಬ್ಬರು, ಮಕ್ಕಳಿಬ್ಬರು, ಬೆಡ್‌ನಲ್ಲಿ ಒಂದಿಷ್ಟು ಸಾಮಾನು.

ಮಂಡ್ಯ_ಮೀಟರ್
11,000 ಸೇಲ್ಸ್‌ಮನ್ ನಂಬರು ಗುರು. ಡ್ರೈವರ್ ಬಾಗಿಲು ತೆಗೆದು, ಕಂಬದ ಮೇಲಿರೋ ಹಳದಿ ಸ್ಟಿಕರ್‌ನಲ್ಲಿ ಏನಿದೆ ಅಂತ ಹಾಕು. ಆಮೇಲೆ ಮಾತು.

ಫ್ರಿಸ್ಕೋ_ನಂಜುಂಡ
ಜನ ಮತ್ತು ಸಾಮಾನು ಸೇರಿ 1,610 ಪೌಂಡ್ ಮೀರಬಾರದು ಅಂತಿದೆ. ಪಕ್ಕದ ಬಿಳಿ ಸ್ಟಿಕರ್‌ನಲ್ಲಿ ಜಿವಿಡಬ್ಲ್ಯುಆರ್ (ಹೊರೆ ಸಮೇತ ಗಾಡಿಯ ಗರಿಷ್ಠ ತೂಕ) 7,050, ಹಿಂದಿನ ಆಕ್ಸಲ್‌ಗೆ 3,800.

ತೂಕದ_ಮನುಷ್ಯ
ಹಾಗಾದ್ರೆ ಲೆಕ್ಕ ಇಲ್ಲಿಂದಲೇ ಶುರು ಮಾಡೋಣ. ಟ್ರೈಲರ್‌ನ ಟಂಗ್ (ಮುಂದೆ ಚಾಚಿರೋ ಮೂತಿ) ನಿಮ್ಮ ಹಿಚ್ (ಪಿಕಪ್ ಹಿಂದೆ ಟ್ರೈಲರ್ ಸಿಕ್ಕಿಸೋ ಭಾಗ) ಮೇಲೆ ಒತ್ತೋ ತೂಕ ಪೂರ್ತಿ ಪಿಕಪ್‌ನ ಪೇಲೋಡ್‌ಗೇ, ಅಂದ್ರೆ ಅದು ತನ್ನ ಮೇಲೆ ಹೊರೋ ತೂಕಕ್ಕೇ, ಸೇರುತ್ತೆ. ಬೆಡ್‌ನಲ್ಲಿ ಅಷ್ಟೇ ತೂಕದ ಮೂಟೆ ಇಟ್ಟ ಹಾಗೇ.

1,610ರಲ್ಲಿ ನಾಲ್ಕು ಜನಕ್ಕೆ 450 ಕಳೀರಿ. ಬೆಡ್‌ನ ಸಾಮಾನಿಗೆ 200. ಬೆಡ್ ಮುಚ್ಚಳ ಆಮೇಲೆ ಹಾಕಿಸಿದ್ದಾದ್ರೆ ಅದಕ್ಕೊಂದು 60. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಸ್ಪ್ರಿಂಗ್ ಬಾರ್‌ಗಳಿಂದ ಟಂಗ್ ತೂಕವನ್ನ ಎಲ್ಲಾ ಆಕ್ಸಲ್‌ಗಳಿಗೆ ಹಂಚೋದು) ಹಾಕಿದ್ರೆ ಅದರದ್ದೇ ತೂಕ ಸುಮಾರು 90. ಉಳಿದದ್ದು 810.

ಟ್ರೈಲರ್ 2,100, ಒಡಿಸ್ಸಿ 4,500, ಒಟ್ಟು 6,600. ಟಂಗ್ ತೂಕ ಟ್ರೈಲರ್‌ನ ಒಟ್ಟು ತೂಕದ ಶೇ. 10ರಿಂದ 15ರ ಒಳಗಿರಬೇಕು, ಅಂದ್ರೆ 660ರಿಂದ 990. ಹನ್ನೊಂದು ಪರ್ಸೆಂಟ್ ಇಟ್ಕೊಂಡ್ರೆ 720 ಚಿಲ್ಲರೆ. ನಿಮಗೆ ಮಿಗೋದು 90 ಪೌಂಡ್ ಸ್ವಾಮಿ, ನಾಲ್ಕು ಸಾವಿರ ಅಲ್ಲ. ಶೇ. 15 ಇಟ್ರೆ ಮಿತಿ ದಾಟೇ ಹೋಯ್ತು.

ಬ್ರೋಷರ್ ಸುಳ್ಳೇನೂ ಹೇಳ್ತಿಲ್ಲ. ಆ ಸಂಖ್ಯೆ ಬರೋದು ಎಸ್‌ಎಇ ಜೆ2807 ಅನ್ನೋ, ಎಳೆಯೋ ಸಾಮರ್ಥ್ಯ ಅಳೆಯೋ ಪರೀಕ್ಷೆಯಿಂದ. ಅದರಲ್ಲಿ ಪಿಕಪ್ ಒಳಗಿರೋದು ತಲಾ 150 ಪೌಂಡಿನ ಇಬ್ಬರೇ. ಮಕ್ಕಳು, ಸೂಟ್‌ಕೇಸು, ಕುಕ್ಕರ್ ಯಾವುದೂ ಆ ಲೆಕ್ಕದಲ್ಲಿಲ್ಲ. ಎಫ್-150 ತರದ, ‘ಅರ್ಧ ಟನ್’ ಅಂತ ಕರೆಯೋ ಪಿಕಪ್‌ಗಳಲ್ಲಿ ಎಂಜಿನ್ ಸುಸ್ತಾಗೋ ಮುಂಚೆ ಪೇಲೋಡ್ ಮುಗಿದು ಹೋಗಿರುತ್ತೆ.

ಹುಬ್ಬಳ್ಳಿ_ಡೀಸೆಲ್
ಇಷ್ಟೆಲ್ಲಾ ಲೆಕ್ಕ ಯಾಕ್ರೀ? ಎಫ್-250 ಡೀಸೆಲ್ ತಗೋರಿ, ಮುಗೀತು. ಅರ್ಧ ಟನ್ ಗಾಡಿ ಅಂದ್ರ ಕಾಯಿಪಲ್ಯ ತರಾಕ ಅಷ್ಟ.

ತೂಕದ_ಮನುಷ್ಯ
ಡೀಸೆಲ್ ಅಣ್ಣಾವ್ರೇ, ಆ ಎಂಜಿನ್‌ನ ಭಾರವೇ ಪೇಲೋಡ್ ತಿನ್ನುತ್ತೆ. ಎಲ್ಲಾ ಸೌಕರ್ಯ ಇರೋ ಡೀಸೆಲ್ ಎಫ್-250ರ ಹಳದಿ ಸ್ಟಿಕರ್ ನೋಡಿದ್ರೆ ಎರಡು ಸಾವಿರದ ಆಸುಪಾಸಲ್ಲೇ ಇರೋದು ಬೇಕಾದಷ್ಟಿವೆ. ಇಳಿಜಾರಲ್ಲಿ ಎಕ್ಸಾಸ್ಟ್ ಬ್ರೇಕು, ದಪ್ಪ ಫ್ರೇಮು, ಎಲ್‌ಟಿ (ಲೈಟ್ ಟ್ರಕ್) ಟೈರು ಲಾಭ, ಒಪ್ಪಿದೆ. ಆದ್ರೆ 6,600 ಪೌಂಡಿಗೆ, ಅದೂ ಒಂದೇ ಸಲಕ್ಕೆ, ಗಾಡಿ ಬದಲಾಯಿಸೋ ಅಗತ್ಯ ಇಲ್ಲ. ಸಾಮಾನನ್ನ ಮೂವರ್ಸ್ ಲಾರಿಗೆ ಹಾಕಿ ಬೆಡ್ ಖಾಲಿ ಬಿಟ್ರೆ 200 ಪೌಂಡ್ ವಾಪಸ್ ಸಿಗುತ್ತೆ.

ಹೊಸಬ_ಟ್ಯಾಂಪಾ
ಸಾಮಾನನ್ನ ಒಡಿಸ್ಸಿ ಒಳಗೇ ತುಂಬಿದ್ರೆ? ಟ್ರೈಲರ್ ತಾನೇ ಹೊರೋದು.

ಕುಡ್ಲ_ರೈಡರ್
ಅದೇ ಮಾಡ್ಲಿಕ್ಕಾಗದ ಕೆಲಸ ಮಾರಾಯ್ರೆ. ಮಿನಿವ್ಯಾನಿಗೆ ಸಾಮಾನು ತುಂಬುವುದು ಎಲ್ಲಿ? ಹಿಂದಿನ ಸೀಟು ಮಡಚಿ ಡಿಕ್ಕಿಯಲ್ಲಿ. ಆ ತೂಕ ಟ್ರೈಲರ್ ಆಕ್ಸಲಿಂದ ಹಿಂದೆ ಬೀಳ್ತದೆ, ಟಂಗ್ ಮೇಲಕ್ಕೆ ಏಳ್ತದೆ. ಒಟ್ಟು ತೂಕ ಜಾಸ್ತಿ, ಟಂಗ್ ತೂಕ ಕಮ್ಮಿ. ಟ್ರೈಲರ್ ಬಾಲ ಅಲ್ಲಾಡಿಸ್ಲಿಕ್ಕೆ ಇಷ್ಟು ಸಾಕು. ಯು-ಹಾಲ್‌ನವರು ಎಳೆಯುವ ಕಾರು ಖಾಲಿ ಇರ್ಬೇಕು ಅಂತ ಸುಮ್ಮನೆ ಹೇಳುವುದಲ್ಲ.

ತೂಕದ_ಮನುಷ್ಯ
ಯು-ಹಾಲ್ ಆಟೋ ಟ್ರಾನ್ಸ್‌ಪೋರ್ಟ್‌ನ ಅಂಕಿ ಹಾಕ್ತೀನಿ: ಖಾಲಿ ತೂಕ 2,210, ಹೊರೋದು ಹೆಚ್ಚೆಂದರೆ 5,290, ಒಟ್ಟು 7,500. ಒಡಿಸ್ಸಿಗೆ ಆಗುತ್ತೆ. ಸರ್ಜ್ ಬ್ರೇಕ್ (ಟ್ರೈಲರ್ ಮುಂದಕ್ಕೆ ತಳ್ಳಿದಾಗ ತಾನೇ ಹಿಡಿಯೋದು) ಇದೆ, ಪಿಕಪ್‌ನಲ್ಲಿ ಬ್ರೇಕ್ ಕಂಟ್ರೋಲರ್ (ಟ್ರೈಲರ್‌ನ ಎಲೆಕ್ಟ್ರಿಕ್ ಬ್ರೇಕ್ ನಡೆಸೋ ಸಾಧನ) ಬೇಡ. ಮುಂಚಕ್ರಗಳನ್ನ ಕೂರಿಸೋ ಜಾಗ, ಟೈರ್ ಪಟ್ಟಿ ಎಲ್ಲಾ ಟ್ರೈಲರ್ ಜೊತೆಗೇ ಬರುತ್ತೆ.

ತೊಡಕು ಹಿಚ್‌ನಲ್ಲಿದೆ. ಪಿಕಪ್ ಕೆಳಗೆ ಬಗ್ಗಿ, ಹಿಚ್ ರಿಸೀವರ್ (ಬಾಲ್ ಮೌಂಟ್ ತೂರಿಸೋ ಚೌಕ ಕೊಳವೆ) ಮೇಲಿನ ಲೇಬಲ್ ಓದಿ. ಬಹಳಷ್ಟು ಎಫ್-150ಗಳಲ್ಲಿ ಎರಡು ಸಾಲು ಇರುತ್ತೆ. ಬರೀ ಬಾಲ್ (ಟ್ರೈಲರ್ ಕೂರೋ ಕಬ್ಬಿಣದ ಗುಂಡು) ಮೇಲೆ ಹೊತ್ತರೆ 5,000 ಪೌಂಡ್ ಟ್ರೈಲರ್, 500 ಪೌಂಡ್ ಟಂಗ್. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಇದ್ದರೆ ಮಾತ್ರ ಬ್ರೋಷರ್‌ನ ದೊಡ್ಡ ಸಂಖ್ಯೆ. ಯು-ಹಾಲ್ ಸ್ವೇ ಕಂಟ್ರೋಲ್ (ಟ್ರೈಲರ್ ಅಲ್ಲಾಟ ತಡೆಯೋ) ಸಾಧನ ಹಾಕೋಕೆ ಬಿಡೋದಿಲ್ಲ, ಅವರ ಟಂಗ್‌ಗೆ ಸ್ಪ್ರಿಂಗ್ ಬಾರ್‌ನ ಬ್ರಾಕೆಟ್ ಬಿಗಿಯೋಕೂ ಆಗೋದಿಲ್ಲ. ಹಾಗಾಗಿ ಲೇಬಲ್‌ನಲ್ಲಿ 5,000/500 ಅಂತಿದ್ರೆ 6,700 ಪೌಂಡಿನ ಯು-ಹಾಲ್ ಆ ಹಿಚ್‌ಗೆ ಹೆಚ್ಚಾಯ್ತು. ಕೌಂಟರ್‌ನಲ್ಲಿ ಬುಕ್ಕಿಂಗ್ ಒಪ್ಪಿಕೊಂಡರೂ ಲೇಬಲ್‌ನ ಮಿತಿ ಬದಲಾಗಲ್ಲ.

ಮಂಡ್ಯ_ಮೀಟರ್
ಲಕ್ಷಾಂತರ ಜನ ಅದೇ ಯು-ಹಾಲ್‌ನ ಅದೇ ಎಫ್-150 ಹಿಂದೆ ಎಳ್ಕೊಂಡು ಹೋಗ್ತಾವ್ರೆ. ಯಾರ್ ಹಿಚ್ ಕಿತ್ಕೊಂಡ್ ಬಂದದೆ? ಸುಮ್ನೆ ಹೆದ್ರಿಸ್ಬೇಡಿ.

ತೂಕದ_ಮನುಷ್ಯ
ಹಿಚ್ ಕಿತ್ತು ಬರೋ ಭಯ ನನಗೂ ಇಲ್ಲ. ಹಿಂದಿನ ಬಂಪರ್ ಆಚೆ 720 ಪೌಂಡ್ ಕೂತ್ರೆ ಮುಂದಿನ ಆಕ್ಸಲ್ ಹಗುರ ಆಗುತ್ತೆ. ಸ್ಟೀರಿಂಗ್ ಮಾಡೋ ಚಕ್ರ, ಬ್ರೇಕಿನ ದೊಡ್ಡ ಪಾಲು ಹೊರೋ ಚಕ್ರ ಅವೇ. ಉದಾಹರಣೆಗೆ ಈ ಪಿಕಪ್, ಜನ ಸಾಮಾನು ಸಮೇತ:

ಪಿಕಪ್ ಮಾತ್ರ: ಮುಂದೆ 3,330, ಹಿಂದೆ 2,910.
ಟ್ರೈಲರ್ ಸಿಕ್ಕಿಸಿದಾಗ, ಸ್ಪ್ರಿಂಗ್ ಬಾರ್ ಇಲ್ಲದೆ: ಮುಂದೆ 3,090, ಹಿಂದೆ 3,870.
ಬಾರ್ ಎಳೆದಾಗ: ಮುಂದೆ 3,210, ಹಿಂದೆ 3,665. ಉಳಿದ 85 ಪೌಂಡ್ ಟ್ರೈಲರ್ ಆಕ್ಸಲ್‌ಗಳಿಗೆ.

ಎರಡನೇ ಸಾಲಲ್ಲಿ ಹಿಂದಿನ ಆಕ್ಸಲ್ 3,800ರ ಮಿತಿ ದಾಟಿದೆ ನೋಡಿ. ಬಾರ್ ಹಾಕಿದ ಮೇಲೆ ಒಳಗೆ ಬಂತು. ಟಂಗ್ ತೂಕ ಎಲ್ಲೂ ಮಾಯ ಆಗಿಲ್ಲ, ಹಂಚಿಹೋಗಿದೆ ಅಷ್ಟೇ. ಕಳೆದುಕೊಂಡ ಮುಂದಿನ ತೂಕದಲ್ಲಿ ಅರ್ಧ ವಾಪಸ್ ಬಂದರೆ ಸಾಕು. ಪೂರ್ತಿ ವಾಪಸ್ ತರಬೇಕು ಅನ್ನೋದು ಹಳೇ ಪದ್ಧತಿ. ಅತಿಯಾಗಿ ಬಿಗಿದರೆ ಹಿಂದಿನ ಚಕ್ರ ಹಗುರಾಗಿ ತಿರುವಲ್ಲಿ ಜಾರುತ್ತೆ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಎಷ್ಟು ಅಂತಿದೆಯೋ ಅಷ್ಟು ಮಾಡಿ.

ಅಳೆಯೋಕೆ ಟೇಪ್ ಸಾಕು. ಮುಂಚಕ್ರದ ಮೇಲೆ ಫೆಂಡರ್ ಕಮಾನಿನ ಎತ್ತರ ಮೂರು ಸಲ: ಟ್ರೈಲರ್ ಇಲ್ಲದೆ, ಬಾರ್ ಇಲ್ಲದೆ ಸಿಕ್ಕಿಸಿ, ಬಾರ್ ಹಾಕಿ. ಒಂದು ಇಂಚು ಎದ್ದಿದ್ದರೆ ಅರ್ಧ ಇಂಚು ಇಳಿಯೋ ತನಕ ಬಾರ್ ಎಳೆಯೋ ಚೈನ್‌ನ ಕೊಂಡಿ ಬದಲಾಯಿಸಿ ಅಥವಾ ಹಿಚ್ ಹೆಡ್‌ನ ಓರೆ ಹೆಚ್ಚಿಸಿ.

ಹುಬ್ಬಳ್ಳಿ_ಡೀಸೆಲ್
ಇದು ಛಲೋ ಹೇಳಿದ್ರಿ. ಅಂದ್ರ ಸ್ವಂತ ಹಾಲರ್ ತಗೊಳ್ಳೂದ ಪಾಡ ಐತಿ. ಎಲೆಕ್ಟ್ರಿಕ್ ಬ್ರೇಕೂ ಸಿಗ್ತೈತಿ.

ಸಿಡ್ನಿ_ಶೆಟ್ರು
ನಿಮ್ಮಲ್ಲಿ ರಾಜ್ಯಕ್ಕೊಂದು ಬ್ರೇಕ್ ಕಾನೂನಾ? ಇಲ್ಲಿ ಆಸ್ಟ್ರೇಲಿಯಾದಲ್ಲಿ 750 ಕೆ.ಜಿ. ತನಕ ಬ್ರೇಕ್ ಬೇಡ, 2,000 ಕೆ.ಜಿ. ತನಕ ಒಂದು ಆಕ್ಸಲ್‌ಗೆ, ಅದರ ಮೇಲೆ ಎಲ್ಲಾ ಚಕ್ರಕ್ಕೂ ಬ್ರೇಕ್ ಜೊತೆಗೆ ಬ್ರೇಕ್‌ಅವೇ (ಟ್ರೈಲರ್ ಕಳಚಿಹೋದ್ರೆ ತಾನೇ ಬ್ರೇಕ್ ಹಾಕುವ ಸ್ವಿಚ್). ರೇಂಜರ್, ಹೈಲಕ್ಸ್ ಪಿಕಪ್ ಎಲ್ಲಾ 3,500 ಕೆ.ಜಿ. ಎಳೀತದೆ ಅಂತ ಜಾಹೀರಾತು, ಅದೂ 50 ಮಿ.ಮೀ. ಬಾಲ್ ಮೇಲೆ. ಪೇಲೋಡ್ ಕಥೆ ಮಾತ್ರ ಇಲ್ಲಿಯೂ ಇದೇ.

ತೂಕದ_ಮನುಷ್ಯ
ಹೌದು ಶೆಟ್ರೇ, ರಾಜ್ಯಕ್ಕೊಂದು. ಟೆಕ್ಸಾಸ್‌ನಲ್ಲಿ ಒಟ್ಟು 4,500 ಪೌಂಡ್ ದಾಟಿದರೆ ಬ್ರೇಕ್, ಕೊಲೊರಾಡೊದಲ್ಲಿ 3,000ಕ್ಕೇ. ದಾರಿಯಲ್ಲಿ ಯಾವ ರಾಜ್ಯ ಹೆಚ್ಚು ಕಟ್ಟುನಿಟ್ಟೋ ಅದಕ್ಕೆ ತಕ್ಕ ಹಾಗೆ ಹೊರಡೋದು. ಲೈಸೆನ್ಸ್ ವಿಷಯದಲ್ಲಿ ತಲೆನೋವಿಲ್ಲ, ಸ್ವಂತ ಸಾಮಾನಿಗೆ ಪಿಕಪ್, ಟ್ರೈಲರ್ ಎರಡೂ ಸೇರಿ 26,000 ಪೌಂಡ್ ಒಳಗಿದ್ದರೆ ಮಾಮೂಲಿ ಲೈಸೆನ್ಸ್ ನಡೆಯುತ್ತೆ.

ಮಂಡ್ಯ_ಮೀಟರ್
ನಮ್ಮೂರಲ್ಲಿ ಕಬ್ಬಿನ ಟ್ರ್ಯಾಕ್ಟರು ಎರಡೆರಡು ಟ್ರೈಲರ್ ಸಿಗಾಕ್ಕೊಂಡು ಫ್ಯಾಕ್ಟ್ರಿಗೆ ಹೋಯ್ತದೆ. ಟ್ರೈಲರ್‌ಗೆ ಬ್ರೇಕೂ ಇಲ್ಲ, ಹಿಂದೆ ಲೈಟೂ ಇಲ್ಲ. ವೆಯ್ಟ್ ಡಿಸ್ಟ್ರಿಬ್ಯೂಷನ್ ಅಂತೆ!

ಕುಡ್ಲ_ರೈಡರ್
ಆ ಟ್ರ್ಯಾಕ್ಟರ್ ಹೋಗುವುದು ಗಂಟೆಗೆ 20 ಕಿಲೋಮೀಟರಲ್ಲಿ. ಇವರು ಹೋಗುವುದು 100ರಲ್ಲಿ. ವೇಗ ಐದು ಪಟ್ಟು ಅಂದ್ರೆ ನಿಲ್ಲಿಸ್ಲಿಕ್ಕೆ ಕರಗಿಸ್ಬೇಕಾದ ಶಕ್ತಿ ಇಪ್ಪತ್ತೈದು ಪಟ್ಟು. ಮತ್ತೆ ಆ ಕಬ್ಬಿನ ಟ್ರೈಲರ್ ರಾತ್ರಿ ರಸ್ತೆ ಬದಿ ಲೈಟಿಲ್ಲದೆ ನಿಂತು ಎಷ್ಟು ಬೈಕಿನವರು ಹಿಂದಿನಿಂದ ಗುದ್ದುತ್ತಾರೆ ಅಂತ ಪೇಪರಲ್ಲಿ ಬರುವುದು ನಿಮಗೂ ಗೊತ್ತುಂಟು. ಅದನ್ನು ಮಾದರಿ ಅಂತ ತೋರಿಸ್ಬೇಡಿ.

ಮಂಡ್ಯ_ಮೀಟರ್
ಮಾದರಿ ಅಂದಿಲ್ಲಪ್ಪ, ತಮಾಷೆಗಂದೆ. ಸ್ಪೀಡ್ ಲೆಕ್ಕ ಒಪ್ದೆ.

ವೈರ್‌ಮನ್_ವಸಿಷ್ಠ
ಹಾಲರ್ ತಗೊಳ್ಳೋದಾದ್ರೆ ವೈರಿಂಗ್ ಮೊದಲು ನೋಡಿ. ಸೆಕೆಂಡ್ ಹ್ಯಾಂಡ್ ಟ್ರೈಲರ್‌ನಲ್ಲಿ ಬೇಗ ಹಾಳಾಗೋದೇ ಅದು.

ಏಳು ಪಿನ್ನಿನ ಚಪ್ಪಟೆ ಬ್ಲೇಡ್ ಪ್ಲಗ್ ಇರಬೇಕು. ನಾಲ್ಕು ಪಿನ್ನಿನದಾದ್ರೆ ಲೈಟ್ ಮಾತ್ರ, ಬ್ರೇಕಿಗೆ ಕರೆಂಟ್ ಹೋಗಲ್ಲ. ಮಾಮೂಲಿ ಬಣ್ಣ: ಬಿಳಿ ಗ್ರೌಂಡ್, ನೀಲಿ ಬ್ರೇಕ್, ಕಪ್ಪು 12 ವೋಲ್ಟ್ ಚಾರ್ಜ್, ಕಂದು ಹಿಂದಿನ ದೀಪ, ಹಳದಿ ಎಡಕ್ಕೆ, ಹಸಿರು ಬಲಕ್ಕೆ. ಯಾರೋ ಮಧ್ಯದಲ್ಲಿ ಕತ್ತರಿಸಿ ಬೇರೆ ಬಣ್ಣ ಜೋಡಿಸಿರ್ತಾರೆ, ಅದಕ್ಕೆ ಬಣ್ಣ ನಂಬಬೇಡಿ, ಟೆಸ್ಟ್ ಲ್ಯಾಂಪ್ ಹಿಡೀರಿ. ಬ್ರೇಕ್ ಹಾಕಿದಾಗ ಲೈಟ್ ಮಂಕಾದ್ರೆ, ಇಂಡಿಕೇಟರ್ ಹಾಕಿದ್ರೆ ಎರಡೂ ಕಡೆ ಮಿಣುಕಿದ್ರೆ ಗ್ರೌಂಡ್ ಕೆಟ್ಟಿದೆ ಅಂತ. ಬಿಳಿ ವೈರ್ ಫ್ರೇಮ್‌ಗೆ ಕೂರೋ ಜಾಗದಲ್ಲಿ ಪೇಂಟ್, ತುಕ್ಕು ಕೆರೆದು ಹೊಸ ಸ್ಕ್ರೂ ಹಾಕಿದ್ರೆ ಮುಕ್ಕಾಲು ಪಾಲು ಸರಿಹೋಗುತ್ತೆ.

ಬ್ರೇಕ್ ಮ್ಯಾಗ್ನೆಟ್ ಒಂದೊಂದಕ್ಕೆ ಪೂರ್ತಿ ಒತ್ತಿದಾಗ ಸುಮಾರು 3 ಆಂಪ್. ನಾಲ್ಕು ಚಕ್ರಕ್ಕೆ 12. ನೀಲಿ ವೈರ್ ಮೇಲೆ ಮೀಟರ್ ಹಿಡಿದು 6 ಬಂದ್ರೆ ಎರಡು ಬ್ರೇಕ್ ಸತ್ತಿದೆ.

ಫ್ರಿಸ್ಕೋ_ನಂಜುಂಡ
ಪಿಕಪ್‌ನಲ್ಲಿ ಕಂಪನಿಯ ಬ್ರೇಕ್ ಕಂಟ್ರೋಲರ್ ಇದೆ. ಗೇನ್ (ಟ್ರೈಲರ್ ಬ್ರೇಕಿನ ಬಲದ ಮಟ್ಟ) ಎಷ್ಟಿಡಬೇಕು?

ವೈರ್‌ಮನ್_ವಸಿಷ್ಠ
ಸಂಖ್ಯೆ ಕೇಳಬೇಡಿ ಸಾರ್. ಟ್ರೈಲರ್ ಬದಲಾದ್ರೆ, ಹೊರೆ ಬದಲಾದ್ರೆ ಅದೂ ಬದಲಾಗುತ್ತೆ. ಮೊದಲು ಮೆನುವಿನಲ್ಲಿ ಟ್ರೈಲರ್ ಬ್ರೇಕ್ ಎಲೆಕ್ಟ್ರಿಕ್ ಅಂತ ಆರಿಸಿ. ಕಾರು ಹತ್ತಿಸಿದ ಮೇಲೆ ಖಾಲಿ ಪಾರ್ಕಿಂಗ್ ಲಾಟ್‌ಗೆ ಹೋಗಿ. ನಾಲ್ಕೈದು ಸಲ ನಿಂತು ಹೊರಟು ಡ್ರಮ್ ಬೆಚ್ಚಗೆ ಮಾಡಿ, ತಣ್ಣಗಿದ್ದಾಗ ಹಿಡಿತ ಬೇರೆ ಇರುತ್ತೆ. ಗಂಟೆಗೆ 20–25 ಮೈಲಿಯಲ್ಲಿ ಸಾಗ್ತಾ, ಕಾಲಿನ ಬ್ರೇಕ್ ಮುಟ್ಟದೆ, ಕಂಟ್ರೋಲರ್‌ನ ಕೈ ಲಿವರ್ ಪೂರ್ತಿ ಒತ್ತಿ. ಟ್ರೈಲರ್ ಚಕ್ರ ಲಾಕ್ ಆಗಿ ಕಿರುಚೋ ತನಕ ಗೇನ್ ಅರ್ಧರ್ಧ ಏರಿಸಿ. ಲಾಕ್ ಆದ ಕೂಡಲೆ ಒಂದು ಮೆಟ್ಟಿಲು ಇಳಿಸಿ. ಅದೇ ನಿಮ್ಮ ಗೇನ್.

ಹತ್ತಕ್ಕೆ ಹತ್ತು ಇಟ್ಟರೂ ಲಾಕ್ ಹತ್ತಿರ ಬರದಿದ್ರೆ ಕಂಟ್ರೋಲರ್ ಬೈಯಬೇಡಿ, ಡ್ರಮ್ ಒಳಗಿನ ಶೂ ದೂರ ಕೂತಿದೆ. ಚಕ್ರ ಎತ್ತಿ, ಹಿಂಬದಿಯ ರಂಧ್ರದಿಂದ ಸ್ಟಾರ್ ವೀಲ್ ತಿರುಗಿಸಿ, ಶೂ ಗಟ್ಟಿ ಉಜ್ಜೋ ತನಕ ಬಿಗಿದು ಸ್ವಲ್ಪ ಸಡಿಲಿಸಿ, ಚಕ್ರ ಸಣ್ಣಗೆ ಸವರ್ಕೊಂಡು ತಿರುಗಬೇಕು. ಮ್ಯಾಗ್ನೆಟ್‌ಗೆ ಗ್ರೀಸ್ ಅಂಟಿದ್ರೂ ಹಿಡಿಯಲ್ಲ. ಹಿಂದಿನ ಸೀಲ್ ಸೋರಿದ್ರೆ ಹಾಗಾಗುತ್ತೆ.

ಬ್ರೇಕ್‌ಅವೇ ಸ್ವಿಚ್‌ನ ಪಿನ್ ಎಳೆದು ನಿಧಾನ ಮುಂದೆ ಹೋಗಿ ನೋಡಿ, ಟ್ರೈಲರ್ ಹಿಡ್ಕೋಬೇಕು. ಅದಕ್ಕೆ ಕರೆಂಟ್ ಕೊಡೋ 12 ವೋಲ್ಟ್ ಪುಟ್ಟ ಬ್ಯಾಟರಿ ವರ್ಷಗಟ್ಟಲೆ ಯಾರೂ ಮುಟ್ಟಿರಲ್ಲ, ಸತ್ತಿದ್ರೆ ಹೊಸದು ಹಾಕಿ. ಪಿನ್ ಎಳೆದ ಹಾಗೇ ಬಹಳ ಹೊತ್ತು ಬಿಡಬೇಡಿ, ಮ್ಯಾಗ್ನೆಟ್ ಕಾಯುತ್ತೆ.

ಕುಡ್ಲ_ರೈಡರ್
ಆ ಬ್ರೇಕ್‌ಅವೇ ಕೇಬಲನ್ನು ಸೇಫ್ಟಿ ಚೈನಿನ ಕೊಕ್ಕೆಗೆ ಸಿಕ್ಕಿಸುವವರು ಬಹಳ. ಬಾಲ್ ಮೌಂಟಿಗೂ ಬೇಡ. ಮೌಂಟೇ ಕಳಚಿ ಬಂದ್ರೆ ಕೇಬಲೂ ಅದರ ಜೊತೆ ಬರ್ತದೆ, ಪಿನ್ ಎಳೆಯುವವರು ಯಾರು? ರಿಸೀವರ್ ಮೇಲೆ ಬೇರೆಯೇ ಒಂದು ಜಾಗಕ್ಕೆ ಹಾಕಿ.

ಚೈನ್ ಎರಡನ್ನೂ ಟಂಗಿನ ಅಡಿಯಲ್ಲಿ ಒಂದಕ್ಕೊಂದು ಅಡ್ಡ ಹಾಕ್ಬೇಕು. ಕಪ್ಲರ್ (ಬಾಲ್ ಮೇಲೆ ಕೂರುವ ಟಂಗಿನ ತುದಿ) ಕಳಚಿದ್ರೆ ಟಂಗ್ ಆ ತೊಟ್ಟಿಲಿಗೆ ಬೀಳ್ತದೆ, ರಸ್ತೆಗೆ ಕುತ್ತುವುದಿಲ್ಲ. ತಿರುವಿಗೆ ಬೇಕಾದಷ್ಟು ಸಡಿಲ ಇರ್ಲಿ, ನೆಲಕ್ಕೆ ತಾಗ್ಬಾರ್ದು.

ಬಾಲ್ ಅಳತೆ! ಕಪ್ಲರ್ ಮೇಲೆ ಅಚ್ಚು ಹಾಕಿರ್ತಾರೆ. 7,000 ಪೌಂಡಿನ ಹಾಲರಿಗೆ ಕೆಲವದ್ದು 2 ಇಂಚು, ಕೆಲವದ್ದು 2 5/16. ದೊಡ್ಡ ಕಪ್ಲರನ್ನು 2 ಇಂಚು ಬಾಲಿನ ಮೇಲೆ ಕೂರಿಸಿದ್ರೆ ಲಾಚ್ ಸಲೀಸಾಗಿ ಬೀಳ್ತದೆ, ಪಿನ್ನೂ ಹೋಗ್ತದೆ. ಮೊದಲ ಹಳ್ಳದಲ್ಲಿ ಹಾರ್ತದೆ. ಪರೀಕ್ಷೆ ಸುಲಭ: ಲಾಚ್ ಹಾಕಿ, ಪಿನ್ ಹಾಕಿ, ಜ್ಯಾಕಿನಿಂದ ಟಂಗನ್ನು ಮೇಲೆತ್ತಿ. ಪಿಕಪ್ಪಿನ ಹಿಂಭಾಗ ಒಂದೆರಡು ಇಂಚು ಜೊತೆಗೇ ಎದ್ರೆ ಸರಿಯಾಗಿ ಕೂತಿದೆ. ಬರೀ ಟಂಗ್ ಎದ್ದು ಬಂದ್ರೆ ಏನೋ ತಪ್ಪಿದೆ.

ಹೊಸಬ_ಟ್ಯಾಂಪಾ
ಟಂಗ್ ತೂಕ ಮನೆಯಲ್ಲೇ ಹೇಗೆ ನೋಡೋದು? ಬಾತ್‌ರೂಮ್ ತಕ್ಕಡಿ 300 ಪೌಂಡಿಗೇ ಕೈಯೆತ್ತುತ್ತೆ.

ತೂಕದ_ಮನುಷ್ಯ
ಗಟ್ಟಿ 4×4 ಮರದ ತೊಲೆ, ಎರಡು ಕಬ್ಬಿಣದ ಪೈಪ್ ತುಂಡು, ಒಂದು ಇಟ್ಟಿಗೆ ತಗೊಳ್ಳಿ. ತೊಲೆಯ ಒಂದು ತುದಿ ಇಟ್ಟಿಗೆ ಮೇಲಿನ ಪೈಪ್‌ನ ಮೇಲೆ, ಇನ್ನೊಂದು ತುದಿ ತಕ್ಕಡಿ ಮೇಲಿನ ಪೈಪ್‌ನ ಮೇಲೆ. ಎರಡು ಪೈಪ್‌ಗಳ ನಡುವೆ ಸರಿಯಾಗಿ 3 ಅಡಿ. ಟಂಗ್‌ನ ಜ್ಯಾಕ್ ಇಟ್ಟಿಗೆ ಕಡೆಯಿಂದ 1 ಅಡಿ ದೂರದಲ್ಲಿ ತೊಲೆ ಮೇಲೆ ಕೂರಲಿ. ತಕ್ಕಡಿ ತೋರಿಸೋದನ್ನ ಮೂರರಿಂದ ಗುಣಿಸಿ. 240 ತೋರಿಸಿದ್ರೆ 720. ಜ್ಯಾಕ್ ಕಪ್ಲರ್‌ಗಿಂತ ಸ್ವಲ್ಪ ಹಿಂದೆ ಇರೋದ್ರಿಂದ ನಿಜವಾದ ಅಂಕಿ ಕೊಂಚ ಕಮ್ಮಿ. ಟ್ರೈಲರ್ ಸಮತಟ್ಟಾಗಿ ನಿಂತಿರಬೇಕು, ಚಕ್ರಕ್ಕೆ ಅಡ್ಡ ಇಟ್ಟಿರಬೇಕು.

ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ (ಲಾರಿ ತೂಗೋ ತಕ್ಕಡಿ) ಇರುತ್ತೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಮೂರೂ ಬೇರೆ ಬೇರೆ ಪ್ಯಾಡ್ ಮೇಲೆ. ಬಾರ್ ಹಾಕಿ ಒಂದು, ಬಾರ್ ಕಳಚಿ ಒಂದು, ಟ್ರೈಲರ್ ಬಿಟ್ಟು ಒಂದು, ಮೂರು ಸಲ ತೂಗಿಸಿ. ಎರಡನೇ ಚೀಟಿಯ ಪಿಕಪ್ ತೂಕದಲ್ಲಿ ಮೂರನೇ ಚೀಟಿಯದನ್ನ ಕಳೆದ್ರೆ ಟಂಗ್ ತೂಕ ಸಿಗುತ್ತೆ.

ಟಂಗ್ ಕಮ್ಮಿ ಬಂದ್ರೆ ಕಾರನ್ನ ಮುಂದೆ ಸರಿಸಿ. ಬಾಲ್‌ನಿಂದ ಆಕ್ಸಲ್‌ಗಳ ನಡುವಿಗೆ 13 ಅಡಿ ಇದ್ರೆ, 4,500 ಪೌಂಡಿನ ಕಾರು 6 ಇಂಚು ಮುಂದೆ ಹೋದ್ರೆ ಟಂಗ್ ಮೇಲೆ ಸುಮಾರು 170 ಪೌಂಡ್ ಏರುತ್ತೆ. ಹಾಗಾಗಿ ಸರಿಯಾದ ಜಾಗ ಸಿಕ್ಕಿದ ಮೇಲೆ ಟ್ರೈಲರ್ ಹಲಗೆ ಮೇಲೆ ಮುಂಚಕ್ರದ ಗುರುತನ್ನ ಪೇಂಟ್‌ನಲ್ಲಿ ಎಳೆದುಬಿಡಿ. ಒಡಿಸ್ಸಿಯ ಎಂಜಿನ್ ಮುಂದೆ, ಆದ್ದರಿಂದ ಮೂತಿ ಮುಂದಾಗೇ ಹತ್ತಿಸಬೇಕು.

ಹುಬ್ಬಳ್ಳಿ_ಡೀಸೆಲ್
ಕಟ್ಟೂದು ಯಾರೂ ಹೇಳವಲ್ರಿ. 2 ಇಂಚಿನ ರ‍್ಯಾಚೆಟ್ ಪಟ್ಟಿ ನಾಕು, ಒಂದೊಂದರ ವರ್ಕಿಂಗ್ ಲೋಡ್ 3,333 ಪೌಂಡ್ ಅಂತ ಚೀಟಿ ಇರಬೇಕು. ಪಟ್ಟಿ ಮ್ಯಾಲೆ ದೊಡ್ಡ ಅಕ್ಷರದಾಗ 10,000 ಅಂತ ಬರದಿರ್ತಾರ, ಅದು ಹರಿಯೂ ತೂಕ, ಅದನ್ನ ನೋಡಿ ಮೋಸ ಹೋಗಬ್ಯಾಡ್ರಿ. ಮುಂದ ಎರಡು, ಹಿಂದ ಎರಡು. ಟೈರ್ ಸುತ್ತ ಹಾಕೂ ಪಟ್ಟಿ ಮಿನಿವ್ಯಾನಿಗೆ ಭಾಳ ಛಲೋ, ಕಾರಿನ ಸಸ್ಪೆನ್ಷನ್ ಕುಣದರೂ ಪಟ್ಟಿ ಸಡ್ಲ ಆಗಂಗಿಲ್ಲ. ಕಾರಿನ ಮೈಗೆ ಕಟ್ಟಿದ್ರ ಎಗರಿದಾಗೊಮ್ಮೆ ಸಡ್ಲ ಆಗ್ತಾವು. ಡಿ-ರಿಂಗ್ ಹಲಿಗಿಗೆ ಸ್ಕ್ರೂ ಹೊಡದಿದ್ರ ಬ್ಯಾಡ, ಫ್ರೇಮಿಗೆ ವೆಲ್ಡ್ ಆಗಿರಬೇಕು. ಹೊಂಟ ಮ್ಯಾಲೆ 50 ಮೈಲಿ ಒಳಗ ಒಮ್ಮೆ ನಿಂತು ಎಲ್ಲಾ ಪಟ್ಟಿ ಮತ್ತ ಬಿಗೀರಿ. ಗೇರ್ ಪಾರ್ಕಿನ್ಯಾಗ, ಹ್ಯಾಂಡ್‌ಬ್ರೇಕ್ ಹಾಕಿದ್ದಿರಬೇಕು.

ಡೆನ್ವರ್_ಅಕ್ಕ
ದಾರಿ ಬಗ್ಗೆ ಹೇಳ್ತೀನಿ. ಮ್ಯಾಪ್ ನಿಮ್ಮನ್ನ 287 ಹೆದ್ದಾರಿಯಲ್ಲಿ ವಿಚಿಟಾ ಫಾಲ್ಸ್, ಅಮರಿಲ್ಲೊ ದಾಟಿಸಿ, ಡಾಲ್‌ಹಾರ್ಟ್, ಕ್ಲೇಟನ್ ಮೇಲೆ ರಟೋನ್‌ಗೆ ಕರ್ಕೊಂಡು ಹೋಗಬಹುದು. ಅಲ್ಲಿಂದ ಐ-25. ರಟೋನ್ ಪಾಸ್ 7,834 ಅಡಿ. ಕೊಲೊರಾಡೊ ಸ್ಪ್ರಿಂಗ್ಸ್ ದಾಟಿದ ಮೇಲೆ ಮಾನ್ಯುಮೆಂಟ್ ಹಿಲ್ 7,352. ಟರ್ಬೋ ಎಂಜಿನ್‌ಗೆ ಹತ್ತೋದು ಕಷ್ಟ ಅಲ್ಲ. ಟರ್ಬೋ ಇಲ್ಲದ ಎಂಜಿನ್ ಸಾವಿರ ಅಡಿಗೆ ಸುಮಾರು ಮೂರು ಪರ್ಸೆಂಟ್ ಶಕ್ತಿ ಕಳ್ಕೊಳ್ಳುತ್ತೆ, ಇಕೋಬೂಸ್ಟ್‌ಗೆ ಅಷ್ಟು ನಷ್ಟ ಇಲ್ಲ. ಇಳಿಯೋದರಲ್ಲೇ ಎಚ್ಚರ ಬೇಕು.

ಬೆಟ್ಟ ಬೇಡ ಅಂದ್ರೆ ಅಮರಿಲ್ಲೊದಿಂದ 287ರಲ್ಲೇ ಮುಂದುವರಿದು ಡ್ಯೂಮಸ್, ಬಾಯ್ಸಿ ಸಿಟಿ, ಸ್ಪ್ರಿಂಗ್‌ಫೀಲ್ಡ್, ಲಾಮಾರ್ ಮೇಲೆ ಲೈಮನ್‌ಗೆ ಬಂದು ಐ-70 ಹಿಡೀರಿ. ಬಯಲು ದಾರಿ, ಲಾರಿಯವರೆಲ್ಲಾ ಹಿಡಿಯೋದು ಅದನ್ನೇ. ಬಹಳ ಕಡೆ ಎರಡೇ ಲೇನ್, ಎದುರಿಗೆ ಹದಿನೆಂಟು ಚಕ್ರದ ಲಾರಿಗಳ ಸಾಲು. ಜೊತೆಗೆ ಪ್ಯಾನ್‌ಹ್ಯಾಂಡಲ್ (ಅಮರಿಲ್ಲೊ ಸುತ್ತಿನ ಉತ್ತರ ಟೆಕ್ಸಾಸ್ ಬಯಲು) ಗಾಳಿ.

ಮಂಡ್ಯ_ಮೀಟರ್
ಗಾಳಿ ಅಂದ್ರೆ ಬೆಟ್ಟಕ್ಕಿಂತ ಕಷ್ಟ ಅಕ್ಕ. ನಾನಾದ್ರೆ ರಟೋನೇ ಹಿಡೀತೀನಿ.

ಡೆನ್ವರ್_ಅಕ್ಕ
ಗಾಳಿ ಎರಡೂ ದಾರಿಯಲ್ಲಿ ಸಿಗುತ್ತೆ, ಅಮರಿಲ್ಲೊ ಎರಡಕ್ಕೂ ಸಾಮಾನ್ಯ ತಾನೇ. ಹವಾಮಾನದಲ್ಲಿ ಹೈ ವಿಂಡ್ ವಾರ್ನಿಂಗ್ ಇದ್ರೆ ಒಂದು ದಿನ ಅಲ್ಲೇ ಉಳೀರಿ. ಹೆಚ್ಚಾಗಿ ಮಧ್ಯಾಹ್ನ ಗಾಳಿ ಜೋರು, ಬೆಳಗ್ಗೆ ಬೇಗ ಹೊರಡೋದು ಒಳ್ಳೇದು.

ಇಳಿಜಾರಿಗೆ ಪಿಕಪ್‌ನ ಟೋ/ಹಾಲ್ ಮೋಡ್ (ಭಾರ ಎಳೆಯೋವಾಗಿನ ಗೇರ್ ಸೆಟ್ಟಿಂಗ್) ಹಾಕಿ. ತುದಿ ತಲುಪೋ ಮುಂಚೆ ವೇಗ ಇಳಿಸಿ ಕೆಳಗಿನ ಗೇರ್ ಹಿಡೀರಿ, ಇಳಿಯೋಕೆ ಶುರು ಮಾಡಿದ ಮೇಲಲ್ಲ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. 55 ಬೇಕಾದ್ರೆ 58ಕ್ಕೆ ಬಂದಾಗ ಗಟ್ಟಿಯಾಗಿ ಒತ್ತಿ 50ಕ್ಕೆ ಇಳಿಸಿ, ಪೂರ್ತಿ ಬಿಡಿ. ಮಧ್ಯೆ ಡ್ರಮ್‌ಗೆ ಆರೋಕೆ ಸಮಯ ಸಿಗುತ್ತೆ.

ವೈರ್‌ಮನ್_ವಸಿಷ್ಠ
ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಸರ್ಜ್ ಬ್ರೇಕ್ ಟ್ರೈಲರ್ ಆದ್ರೆ ಎಂಜಿನ್ ಬ್ರೇಕಿಂಗ್ ಮಾಡಿದಾಗಲೂ ಟ್ರೈಲರ್ ಮುಂದಕ್ಕೆ ತಳ್ಳುತ್ತೆ, ಕಪ್ಲರ್ ಒತ್ತುತ್ತೆ, ಅದರ ಬ್ರೇಕ್ ಹಿಡಿದೇ ಇರುತ್ತೆ. ಉದ್ದದ ಇಳಿಜಾರಲ್ಲಿ ಕಾಯುತ್ತೆ. ಇನ್ನೊಂದು, ಟ್ರೈಲರ್ ಬಾಲ ಅಲ್ಲಾಡೋಕೆ ಶುರುವಾದಾಗ ಬರೀ ಟ್ರೈಲರ್ ಬ್ರೇಕ್ ಹಾಕೋ ಲಿವರ್ ಸರ್ಜ್‌ನಲ್ಲಿ ಇಲ್ಲ.

ಫ್ರಿಸ್ಕೋ_ನಂಜುಂಡ
ಆ ಅಲ್ಲಾಟ ಶುರುವಾದ್ರೆ ಸರಿಯಾಗಿ ಏನು ಮಾಡಬೇಕು? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಮಂಡ್ಯ_ಮೀಟರ್
ಆಕ್ಸಿಲರೇಟರ್ ಒತ್ತು, ಟ್ರೈಲರ್ ನೆಟ್ಟಗಾಯ್ತದೆ.

ತೂಕದ_ಮನುಷ್ಯ
ಬೇಡ! ಇದು ಎಲ್ಲಾ ಗುಂಪಲ್ಲೂ ಓಡಾಡೋ ಅಪಾಯದ ಸಲಹೆ. ಅಲ್ಲಾಟ ಹುಟ್ಟೋದೇ ಒಂದು ವೇಗದ ಮೇಲೆ. ಆ ವೇಗ ದಾಟಿದರೆ ಪ್ರತೀ ತೂಗಾಟ ಹಿಂದಿನದಕ್ಕಿಂತ ದೊಡ್ಡದು. ಒತ್ತಿದ ಕ್ಷಣ ನೆಟ್ಟಗಾದ ಹಾಗೆ ಅನಿಸಬಹುದು, ಆದ್ರೆ ನೀವೀಗ ಇನ್ನೂ ಹೆಚ್ಚು ವೇಗದಲ್ಲಿದ್ದೀರಿ.

ಆಕ್ಸಿಲರೇಟರ್‌ನಿಂದ ಕಾಲು ತೆಗೀರಿ. ಸ್ಟೀರಿಂಗ್ ನೆಟ್ಟಗೆ ಹಿಡೀರಿ, ಟ್ರೈಲರ್ ಬೆನ್ನಟ್ಟಿ ಎಡ ಬಲ ತಿರುಗಿಸಬೇಡಿ, ನಿಮ್ಮ ಕೈ ಯಾವಾಗಲೂ ಅರ್ಧ ಸೆಕೆಂಡ್ ತಡ, ಅಲ್ಲಾಟಕ್ಕೆ ಬಲ ಕೊಟ್ಟ ಹಾಗಾಗುತ್ತೆ. ಕಾಲಿನ ಬ್ರೇಕ್ ಗಟ್ಟಿ ಒತ್ತಬೇಡಿ. ಕಂಟ್ರೋಲರ್‌ನ ಕೈ ಲಿವರ್ ಒತ್ತಿ, ಹಿಂದಿನಿಂದ ಎಳೆದ ಹಾಗಾಗಿ ಟ್ರೈಲರ್ ನೆಟ್ಟಗಾಗುತ್ತೆ. ಹೊರಡೋ ಮುಂಚೆ ಆ ಲಿವರ್ ಎಲ್ಲಿದೆ ಅಂತ ಕಣ್ಮುಚ್ಚಿ ಮುಟ್ಟೋ ಅಭ್ಯಾಸ ಮಾಡಿ. ನಿಂತ ಮೇಲೆ ಕಾರಣ ಹುಡುಕಿ: ಟಂಗ್ ತೂಕ, ಟೈರ್ ಗಾಳಿ, ಟ್ರೈಲರ್ ಮೂತಿ ಮೇಲೆದ್ದಿದೆಯಾ. ಸರಿ ಮಾಡದೆ ಮತ್ತೆ ಹೊರಟ್ರೆ ಅದೇ ವೇಗಕ್ಕೆ ಮತ್ತೆ ಬರುತ್ತೆ.

ಫ್ರಿಕ್ಷನ್ ಸ್ವೇ ಬಾರ್ ಗಾಳಿಗೆ, ಲಾರಿ ಹಾದಾಗಿನ ಒದೆತಕ್ಕೆ ಸಹಾಯ. ಕಮ್ಮಿ ಟಂಗ್ ತೂಕಕ್ಕೆ ಅದು ಮದ್ದಲ್ಲ.

ಮಂಡ್ಯ_ಮೀಟರ್
ಸರಿ ಬುಡಿ, ಲಿವರ್ ಇದ್ದೋರಿಗೆ ಲಿವರ್.

ಹೊಸಬ_ಟ್ಯಾಂಪಾ
ಮೂತಿ ಮೇಲೆದ್ರೆ ಏನಾಗುತ್ತೆ?

ಕುಡ್ಲ_ರೈಡರ್
ಎರಡು ಆಕ್ಸಲಿನ ಟ್ರೈಲರಲ್ಲಿ ಹಿಂದಿನ ಆಕ್ಸಲಿಗೆ ತೂಕ ಜಾಸ್ತಿ ಬೀಳ್ತದೆ, ಟಂಗಿಂದ ಕಮ್ಮಿ ಆಗ್ತದೆ. ಹೊರೆ ಹಾಕಿದ ಮೇಲೆ ಟ್ರೈಲರ್ ಸಮತಟ್ಟು ಅಥವಾ ಮೂತಿ ಒಂದು ಚೂರು ತಗ್ಗು ಇರ್ಬೇಕು. ಅದಕ್ಕೇ ಬಾಲ್ ಮೌಂಟಿನ ಡ್ರಾಪ್ 2, 4, 6 ಇಂಚು ಅಂತ ಬೇರೆ ಬೇರೆ ಸಿಗುವುದು. ಟ್ರೈಲರನ್ನು ಸಮತಟ್ಟಾಗಿ ನಿಲ್ಲಿಸಿ ಕಪ್ಲರಿನ ಎತ್ತರ ಅಳೆಯಿರಿ, ರಿಸೀವರಿನ ಎತ್ತರದಿಂದ ಕಳೆಯಿರಿ, ಆ ವ್ಯತ್ಯಾಸದ ಮೌಂಟ್ ತನ್ನಿ.

ಹುಬ್ಬಳ್ಳಿ_ಡೀಸೆಲ್
ಟೈರ್! ಟ್ರೈಲರ್ ಟೈರ್ ಮ್ಯಾಲೆ ಎಸ್‌ಟಿ (ಸ್ಪೆಷಲ್ ಟ್ರೈಲರ್) ಅಂತ ಇರ್ತೈತಿ. ಗಾಳಿ ಪಿಕಪ್ ಗತೆ 35 ಅಲ್ಲ, ಬದಿಗೋಡಿ ಮ್ಯಾಲೆ ಬರದಷ್ಟು ತುಂಬ್ರಿ. ಲೋಡ್ ರೇಂಜ್ ಸಿ ಇದ್ರ 50, ಡಿ ಇದ್ರ 65, ಇ ಇದ್ರ 80 ಪಿಎಸ್‌ಐ, ತಣ್ಣಗಿದ್ದಾಗ. 205/75 ಆರ್ 15 ಸಿ ಟೈರ್ ಒಂದಕ್ಕ 1,820 ಪೌಂಡ್. ನಾಕಕ್ಕ 7,280. ಗಾಳಿ ಕಮ್ಮಿ ಆದ್ರ ಅಷ್ಟೂ ಹೊರಂಗಿಲ್ಲ, ಬದಿಗೋಡಿ ಕಾದು ಪಟ್ ಅಂತ ಸೀಳತೈತಿ.

ಟೈರ್ ಮ್ಯಾಲಿನ ಡಾಟ್ (DOT) ನಂಬರಿನ ಕಡೀ ನಾಕ ಅಂಕಿ ನೋಡ್ರಿ. 2318 ಅಂದ್ರ 2018ರ 23ನೇ ವಾರ. ಟೈರಿನ ಗುಂಡಿ (ಟ್ರೆಡ್) ಎಷ್ಟ ಛಲೋ ಕಂಡ್ರೂ ಆರು ವರ್ಷ ದಾಟಿದ್ದು ಬ್ಯಾಡ, ಟ್ರೈಲರ್ ಟೈರ್ ಸವದು ಸಾಯಂಗಿಲ್ಲ, ಬಿಸಲಾಗ ನಿಂತು ಒಣಗಿ ಸಾಯ್ತಾವು. ವೇಗದ ಗುರುತು ಇಲ್ಲದ ಎಸ್‌ಟಿ ಟೈರ್ 65 ಮೈಲಿಗಷ್ಟ ಮಾಡಿದ್ದು. ಟೆಕ್ಸಾಸಿನ್ಯಾಗ ಬೋರ್ಡ್ 75 ಅಂತ ಇದ್ರೂ ನೀವು 65 ದಾಟಬ್ಯಾಡ್ರಿ. ಯು-ಹಾಲ್ ಆದ್ರ 55.

ಸಿಡ್ನಿ_ಶೆಟ್ರು
ಸ್ಪೇರ್ ವೀಲ್ ಇದ್ರೆ ಸಾಲದು, ಪಿಕಪ್‌ನ ಜ್ಯಾಕ್, ಪಾನಾ ಟ್ರೈಲರ್ ನಟ್‌ಗೆ ಹೊಂದ್ತದಾ ಅಂತ ಮನೆಯಲ್ಲೇ ನೋಡಿ.

ಫ್ರಿಸ್ಕೋ_ನಂಜುಂಡ
ಲೇಬಲ್ ನೋಡ್ದೆ. ಬಾರ್ ಇಲ್ಲದೆ 5,000/500 ಅಂತಲೇ ಇದೆ. ಹಾಗಾಗಿ ಹಾಲರ್ ಕಡೆಗೇ ಹೋಗ್ತಿದೀನಿ. ನೋಡಿರೋದು ಎರಡು 3,500 ಆಕ್ಸಲ್, ಜಿವಿಡಬ್ಲ್ಯುಆರ್ 7,000, ನಾಲ್ಕೂ ಚಕ್ರಕ್ಕೆ ಎಲೆಕ್ಟ್ರಿಕ್ ಬ್ರೇಕ್. ಬೇರಿಂಗ್ ಯಾವಾಗ ಗ್ರೀಸ್ ಮಾಡಿದ್ದು ಅಂತ ಮಾರೋರಿಗೇ ಗೊತ್ತಿಲ್ಲ.

ಹುಬ್ಬಳ್ಳಿ_ಡೀಸೆಲ್
ಗೊತ್ತಿಲ್ಲ ಅಂದ್ರ ಮಾಡೇ ಇಲ್ಲ ಅಂತ ತಿಳ್ಕೋರಿ. ನಾಕೂ ಹಬ್ ಬಿಚ್ಚಿ, ಹಳೇ ಗ್ರೀಸ್ ಪೂರಾ ತೊಳದು, ಬೇರಿಂಗ್‌ನ್ಯಾಗ ನೀಲಿ ಬಣ್ಣ ಇಲ್ಲಾ ಗುಳಿ ಕಂಡ್ರ ಬದಲಿ ಹಾಕಿ, ಹೊಸ ಗ್ರೀಸ್ ತುಂಬಿ, ಹೊಸಾ ಸೀಲ್ ಹಾಕ್ರಿ. ವರ್ಷಕ್ಕೊಮ್ಮೆ ಇಲ್ಲಾ 12,000 ಮೈಲಿಗೊಮ್ಮೆ ಮಾಡೂ ಕೆಲಸ. ಬ್ರೇಕ್ ಶೂ ಹ್ಯಾಂಗ ಅದಾವು ಅನ್ನೂದೂ ಆವಾಗ ಕಾಣ್ತೈತಿ. ದಾರ್‍ಯಾಗ ಪೆಟ್ರೋಲಿಗೆ ನಿಂತಾಗೊಮ್ಮೆ ಹಬ್ ಹತ್ರ ಕೈ ಹಿಡೀರಿ. ನಾಕೂ ಒಂದ ಸಮ ಬೆಚ್ಚಗಿದ್ರ ಚಿಂತಿ ಇಲ್ಲ. ಒಂದs ಸುಡತಿದ್ರ ಬೇರಿಂಗ್ ಇಲ್ಲಾ ಬ್ರೇಕ್ ಹಿಡದೈತಿ.

ಫ್ರಿಸ್ಕೋ_ನಂಜುಂಡ
ಚಕ್ರದ ನಟ್ ಎಷ್ಟು ಬಿಗೀಬೇಕು? ಆಮೇಲೆ ರಾತ್ರಿ ಅಮರಿಲ್ಲೊದಲ್ಲಿ ಉಳಿದ್ರೆ ಟ್ರೈಲರ್ ಕಳಚಿ ಇಡೋದಾ?

ತೂಕದ_ಮನುಷ್ಯ
ಅರ್ಧ ಇಂಚಿನ ಸ್ಟಡ್ ಆದ್ರೆ 90ರಿಂದ 120 ಅಡಿ-ಪೌಂಡ್, ಟಾರ್ಕ್ ಪಾನಾದಲ್ಲಿ, ನಕ್ಷತ್ರದ ಕ್ರಮದಲ್ಲಿ ಮೂರು ಹಂತವಾಗಿ. ಚಕ್ರ ಬಿಚ್ಚಿ ಹಾಕಿದ ಮೇಲೆ 10, 25, 50 ಮೈಲಿಗೆ ಮತ್ತೆ ಬಿಗೀರಿ, ಮೊದಲಿನ ಓಟದಲ್ಲಿ ರಿಮ್ ಕೂತು ನಟ್ ಸಡಿಲ ಆಗುತ್ತೆ.

ಕಳಚಬೇಡಿ. ಮೋಟೆಲ್ ಬುಕ್ ಮಾಡುವಾಗ ಟ್ರಕ್ ಪಾರ್ಕಿಂಗ್ ಇದೆಯಾ ಅಂತ ಫೋನ್ ಮಾಡಿ ಕೇಳಿ. ರಿವರ್ಸ್ ಮಾಡದೆ ನೇರ ಮುಂದೆ ಹೊರಡೋ ಹಾಗೆ ನಿಲ್ಲಿಸಿ. ಕಪ್ಲರ್ ಲಾಚ್‌ಗೂ ರಿಸೀವರ್ ಪಿನ್ನಿಗೂ ಬೀಗ ಹಾಕಿ. ಬೆಳಗ್ಗೆ ಹೊರಡೋ ಮುಂಚೆ ಆ ಲಾಚ್, ಚೈನ್, ಪ್ಲಗ್ ಮತ್ತೆ ಮುಟ್ಟಿ ನೋಡಿ. ರಾತ್ರಿ ಯಾರು ಕೈ ಹಾಕಿರ್ತಾರೋ ಗೊತ್ತಿರಲ್ಲ.

ಡೆನ್ವರ್_ಅಕ್ಕ
ರಿವರ್ಸ್ ಬಂದೇ ಬಂದ್ರೆ ಸ್ಟೀರಿಂಗ್‌ನ ತಳದಲ್ಲಿ ಕೈ ಹಿಡ್ಕೊಳ್ಳಿ. ಕೈ ಎಡಕ್ಕೆ ಹೋದ್ರೆ ಟ್ರೈಲರ್ ಬಾಲ ಎಡಕ್ಕೆ, ಬಲಕ್ಕೆ ಹೋದ್ರೆ ಬಲಕ್ಕೆ. ಪೆಟ್ರೋಲ್ ಬಂಕ್‌ನಲ್ಲಿ ಹೊರಗಿನ ಸಾಲಿನ ಪಂಪ್ ಹಿಡೀರಿ. ಮತ್ತೆ ಮೈಲೇಜ್ ಅರ್ಧಕ್ಕೆ ಇಳಿಯುತ್ತೆ, ಬಾಯ್ಸಿ ಸಿಟಿ ಕಡೆ ಊರೂರಿಗೆ ದೂರ ಜಾಸ್ತಿ. ಅರ್ಧ ಟ್ಯಾಂಕ್ ಆದ ಕೂಡಲೆ ತುಂಬಿಸಿಬಿಡಿ.